ಕೆಂಪುಕಲ್ಲಿನ ಕೋರೆಗೆ ಹೋಗುವ ಲಾರಿಗೆ ಹತ್ತಿಯ ಏರ್ ಫಿಲ್ಟರ್ ಸಾಕಾ? ಹಾಕಿ ನೋಡಿ ಬರೆದದ್ದು

ಪೂರ್ತಿ ಓದ್ಲಿಕ್ಕೆ ಟೈಮ್ ಇಲ್ಲದವರಿಗೆ ಮೊದಲೇ ಹೇಳಿ ಬಿಡ್ತೇನೆ. ಕೆಂಪುಕಲ್ಲಿನ ಕೋರೆ, ಜಲ್ಲಿ ಕ್ರಷರ್, ಮಣ್ಣು ತುಂಬಿಸುವ ಸೈಟ್, ಇಂಥ ಕಡೆ ದಿನಾ ಓಡುವ ಲಾರಿಗೆ ತೊಳೆದು ಎಣ್ಣೆ ಹಚ್ಚಿ ವಾಪಸ್ ಹಾಕುವ ಹತ್ತಿಯ ಏರ್ ಫಿಲ್ಟರ್ (ಇಂಜಿನಿಗೆ ಹೋಗುವ ಗಾಳಿಯ ಹುಡಿ ಹಿಡಿಯುವಂಥದ್ದು) ಬೇಡ. ಬರೀ ಡಾಮರು ರೋಡಲ್ಲಿ ಓಡುವ ಗಾಡಿ ಆದ್ರೆ ದೊಡ್ಡ ತೊಂದರೆ ಇಲ್ಲ, ಆದ್ರೆ ದೊಡ್ಡ ಲಾಭವೂ ಇಲ್ಲ. ಯಾಕೆ ಅಂತ ಉದ್ದಕ್ಕೆ ಬರೀತೇನೆ, ಯಾಕಂದ್ರೆ ನಮ್ಮ ಕಾಸರಗೋಡು ಕಡೆ ಈಗ ಸುಮಾರು ಜನ ಸಣ್ಣ ಲಾರಿಯವರು, ಟಿಪ್ಪರ್‌ನವರು ಇದರ ಬಗ್ಗೆ ಕೇಳ್ತಾ ಇದ್ದಾರೆ, ಒಮ್ಮೆ ಹಾಕಿದ್ರೆ ಜೀವಮಾನ ಪೂರ್ತಿ ಬರ್ತದೆ ಅಂತ ಆನ್‌ಲೈನಲ್ಲಿ ನೋಡಿ ತರಿಸ್ತಾ ಇದ್ದಾರೆ.

ನಮ್ಮ ಮನೆಯದ್ದು ಎರಡು ಗಾಡಿ ಉಂಟು, ಒಂದು ಹಳೇ ಟಾಟಾ 407, ಒಂದು ಐಷರ್ ಲಾರಿ. ಅಣ್ಣ ಒಂದನ್ನು ಓಡಿಸ್ತಾನೆ, ಇನ್ನೊಂದಕ್ಕೆ ಡ್ರೈವರ್ ಇದ್ದಾರೆ, ಲೆಕ್ಕ ಮತ್ತು ಮೆಂಟೇನೆನ್ಸ್ ನನ್ನ ಕೈಯಲ್ಲಿ. ಪೆರ್ಲ, ಬಾಯಾರು, ಪೈವಳಿಕೆ ಕಡೆಯ ಕೋರೆಗಳಿಂದ ಕಲ್ಲು ಹಾಕಿಕೊಂಡು ಉಪ್ಪಳಕ್ಕೆ ಇಳಿದು ಮಂಗಳೂರು ಕಡೆ ಹೋಗುವುದು, ಇಲ್ಲಾಂದ್ರೆ ಬದಿಯಡ್ಕ ಕುಂಬಳೆ ಸುತ್ತ ಮನೆ ಕಟ್ಟುವ ಕಡೆ ಹಾಕುವುದು. ಕೋರೆಯ ಒಳಗಿನ ರೋಡು ನೋಡದವರಿಗೆ ಹೇಳ್ಬೇಕಾದ್ರೆ, ಡಿಸೆಂಬರ್ ಕಳೆದ ಮೇಲೆ ಮಳೆ ಬರುವವರೆಗೆ ಅಲ್ಲಿ ಕಲ್ಲು ಕಡಿಯುವ ಮಿಷನ್ ಎಬ್ಬಿಸುವ ಹುಡಿ, ಗಾಡಿಗಳ ಚಕ್ರಕ್ಕೆ ಸಿಕ್ಕಿ ಪುನಃ ಪುನಃ ಅರೆದ ಹುಡಿ, ಅದು ಮಣ್ಣಿನ ಹಾಗೆ ಅಲ್ಲ, ಕುಂಕುಮದ ಹಾಗೆ ಇರ್ತದೆ, ಬೆರಳಲ್ಲಿ ಮುಟ್ಟಿದ್ರೆ ಗೆರೆಗಳ ಒಳಗೆ ಹೋಗಿ ಕೂರ್ತದೆ, ಸಾಬೂನು ಹಾಕಿದ್ರೂ ಒಮ್ಮೆಗೆ ಹೋಗುವುದಿಲ್ಲ. ಅದರ ಮೇಲೆ ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೈವೇ 66 ಆರು ಲೇನ್ ಕೆಲಸ ನಡೆದ ವರ್ಷಗಳಲ್ಲಿ ಹೈವೇಯಲ್ಲೂ ಇದೇ ಕಥೆ ಆಗಿತ್ತು, ಎದುರಿನ ಟಾರಸ್ ಲಾರಿ ಹೋದ ಮೇಲೆ ಸ್ವಲ್ಪ ಹೊತ್ತು ಎಂತದೂ ಕಾಣುತ್ತಿರಲಿಲ್ಲ.

ನಾವು ತರಿಸಿದ ಫಿಲ್ಟರ್‌ನ ಕಂಪೆನಿ ಹೆಸರು ಹೇಳುವುದಿಲ್ಲ, ಯಾಕಂದ್ರೆ ವಿಷಯ ಒಂದು ಕಂಪೆನಿಯದ್ದಲ್ಲ, ಈ ಜಾತಿಯ ಫಿಲ್ಟರ್‌ನದ್ದೇ. ವಸ್ತು ನೋಡ್ಲಿಕ್ಕೆ ಚೆಂದವೇ ಉಂಟು. ಬ್ಯಾಂಡೇಜಿನ ಹಾಗಿನ ಹತ್ತಿಯ ಗಾಜ್ ಬಟ್ಟೆಯನ್ನು ನಾಲ್ಕೈದು ಪದರ ಮಾಡಿ, ಎರಡೂ ಕಡೆ ಅಲ್ಯುಮಿನಿಯಂ ಬಲೆ ಇಟ್ಟು, ಅದನ್ನು ನೆರಿಗೆ ಹಿಡಿದು ಸುತ್ತಿ, ಮೇಲೆ ಕೆಳಗೆ ರಬ್ಬರಿನ ಹಾಗಿನ ಪಾಲಿಯುರೆಥೇನ್ ಅಂಚು ಹೊಯ್ದಿರ್ತಾರೆ. ಬಟ್ಟೆಗೆ ಕೆಂಪು ಬಣ್ಣದ ಅಂಟು ಎಣ್ಣೆ. ಆ ಬಣ್ಣ ಹಾಕುವುದು ಎಣ್ಣೆ ಎಲ್ಲಾ ಕಡೆ ಹಿಡಿದಿದೆಯಾ ಅಂತ ಕಣ್ಣಿಗೆ ಕಾಣ್ಲಿಕ್ಕೆ. ನಮ್ಮ ಕಡೆ ಅದೂ ಒಂದು ತೊಂದರೆಯೇ, ಹುಡಿಯೂ ಕೆಂಪು ಎಣ್ಣೆಯೂ ಕೆಂಪು, ಯಾವುದು ಎಷ್ಟು ಉಂಟು ಅಂತ ಟಾರ್ಚ್ ಹಾಕಿ ನೋಡಿದ್ರೂ ಗೊತ್ತಾಗುವುದಿಲ್ಲ. ಜೊತೆಗೆ ಒಂದು ಬಾಟಲಿ ಕ್ಲೀನರ್, ಒಂದು ಬಾಟಲಿ ಎಣ್ಣೆ ಕೊಡ್ತಾರೆ. ರೇಟು ಐದಾರು ಪೇಪರ್ ಎಲಿಮೆಂಟ್‌ನಷ್ಟು, ಎಲಿಮೆಂಟ್ ಅಂದ್ರೆ ಗಾಡಿಗೆ ಮಾಮೂಲಿ ಹಾಕುವ ಪೇಪರಿನ ಫಿಲ್ಟರ್. ಈ ತರದ ಫಿಲ್ಟರನ್ನು ದೊಡ್ಡದಾಗಿ ಮಾರ್ಕೆಟಿಗೆ ತಂದದ್ದು ಅಮೆರಿಕದ ಕೆ ಅಂಡ್ ಎನ್, 1969ರಲ್ಲಿ ಶುರುವಾದ ಕಂಪೆನಿ, ಬೈಕ್ ರೇಸಿನ ಕಡೆಯಿಂದ ಬಂದವರು. ರೇಸಿನಲ್ಲಿ ಗಾಳಿ ಸಲೀಸಾಗಿ ಹೋಗುವುದು ಮುಖ್ಯ, ಇಂಜಿನನ್ನು ಹೇಗೂ ಬೇಗ ಬೇಗ ಬಿಚ್ಚಿ ಕಟ್ತಾರೆ. ಲಾರಿಯವನಿಗೆ ಬೇಕಾದದ್ದು ಬೇರೆ, ಇಂಜಿನ್ ಬಿಚ್ಚದೆ ಎಷ್ಟು ವರ್ಷ ಓಡ್ತದೆ ಅನ್ನುವುದು.

ನಾವು ಬೇಕೂಂತಲೇ ಹಳೇ 407ಕ್ಕೆ ಹತ್ತಿದ್ದು ಹಾಕಿ, ಐಷರಿಗೆ ಮಾಮೂಲಿ ಪೇಪರ್ ಎಲಿಮೆಂಟ್ ಇಟ್ಟು, ಎರಡನ್ನೂ ಒಂದೇ ಕೋರೆಗೆ ಕಳಿಸಿ ನೋಡಿದೆವು. ಎರಡೂ ಬೇರೆ ಬೇರೆ ಇಂಜಿನ್, ಲ್ಯಾಬಿನ ಹಾಗೆ ಸಮ ಅಲ್ಲ, ಒಪ್ತೇನೆ. ಆದ್ರೆ ನೋಡ್ಬೇಕಾದದ್ದು ಒಂದೇ, ಫಿಲ್ಟರ್ ದಾಟಿದ ಮೇಲಿನ ಪೈಪಿನ ಒಳಗೆ ಎಂತ ಉಂಟು ಅಂತ. ಅದಕ್ಕೆ ಲ್ಯಾಬ್ ಬೇಡ.

ಸೀತಾಂಗೋಳಿಯಲ್ಲಿ ನಮ್ಮ ಮೆಕ್ಯಾನಿಕ್ ಇಚ್ಚ ಇದ್ದಾರೆ, ಲಾರಿ ಕೆಲಸದಲ್ಲೇ ತಲೆ ಬೆಳ್ಳಗಾದವರು. ಅವರು ಮಾಡಿಸಿದ್ದು ಹೀಗೆ. ಫಿಲ್ಟರ್ ಹಾಕುವ ಮೊದಲು ಏರ್ ಕ್ಲೀನರ್‌ನಿಂದ (ಫಿಲ್ಟರ್ ಕೂರುವ ಡ್ರಮ್) ಇಂಜಿನಿಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿ ಒಳಗೆ ಚೆನ್ನಾಗಿ ಒರೆಸಿದ್ರು, ಆಮೇಲೆ ಒಳಬದಿಯಲ್ಲಿ ಬೆರಳಗಲಕ್ಕೆ ತೆಳ್ಳಗೆ ಬಿಳಿ ಗ್ರೀಸ್ ಸವರಿದ್ರು, ಸವರಿದ್ದು ಅಂದ್ರೆ ಕಾಣ್ತದೋ ಇಲ್ಲವೋ ಅನ್ನುವಷ್ಟು ಮಾತ್ರ, ದಪ್ಪ ಹಚ್ಚಿದ್ರೆ ಅದೇ ಒಳಗೆ ಹೋಗ್ತದೆ. ಮತ್ತೆ ಕ್ಲಾಂಪ್ ಬಿಗಿ ಮಾಡಿ ಗಾಡಿ ಕೋರೆಗೆ. ಸ್ವಲ್ಪ ವಾರ ಕಳೆದು ಬಿಚ್ಚಿದಾಗ ಐಷರಿನ ಗ್ರೀಸ್ ಸ್ವಲ್ಪ ಮಬ್ಬು ಆಗಿತ್ತು ಅಷ್ಟೆ. 407ದ್ದು ಇಟ್ಟಿಗೆ ಬಣ್ಣ. ಇಚ್ಚ ಅದನ್ನು ಉಗುರಲ್ಲಿ ತೆಗೆದು ಎರಡು ಬೆರಳ ಮಧ್ಯೆ ಉಜ್ಜಿ ನನ್ನ ಕಿವಿಯ ಹತ್ತಿರ ಹಿಡಿದ್ರು. ಕಿರ್ ಕಿರ್ ಅಂತ ಸಣ್ಣ ಶಬ್ದ. ಅದೇ ಶಬ್ದ ಇಂಜಿನಿನ ಲೈನರ್‌ಗೂ (ಪಿಸ್ಟನ್ ಓಡುವ ಕೊಳವೆಯ ಒಳಗೋಡೆ) ಪಿಸ್ಟನ್ ಸುತ್ತ ಇರುವ ರಿಂಗಿಗೂ ಮಧ್ಯೆ ಆಗ್ತಾ ಉಂಟು ಅಂತ ಯೋಚಿಸಿ.

ಅಣ್ಣ ಕೇಳಿದ, "ಸೀಲ್ ಸರಿ ಕೂತಿಲ್ಲ ಆಗಿರ್ಬಹುದಾ ಇಚ್ಚ?" ನ್ಯಾಯವಾದ ಪ್ರಶ್ನೆಯೇ, ಯಾಕಂದ್ರೆ ಫಿಲ್ಟರ್ ಎಷ್ಟು ಒಳ್ಳೇದಿದ್ರೂ ಅಂಚಲ್ಲಿ ಕೂದಲೆಳೆ ಸಂದು ಇದ್ರೆ ಮುಗೀತು. "ಸೀಲ್ ಲೀಕ್ ಆದ್ರೆ ಒಂದು ಕಡೆಯಿಂದ ಗೆರೆ ಬೀಳ್ತದೆ ಮೋನೇ (ಮಗನೇ), ಇದು ನೋಡು ಸುತ್ತ ಒಂದೇ ತರ ಉಂಟು" ಅಂತ ತೋರಿಸಿದ್ರು. ಈ ಮಾತನ್ನು ಗಾಡಿ ಇರುವ ಎಲ್ಲರೂ ನೆನಪಿಟ್ಟುಕೊಳ್ಳಿ. ಹುಡಿ ಗೆರೆಯಾಗಿ ಬಾಣದ ಹಾಗೆ ಒಂದು ಜಾಗದಿಂದ ಶುರುವಾದ್ರೆ ಅದು ಸೀಲ್, ಕ್ಲಾಂಪ್ ಅಥವಾ ಹೋಸ್ ಒಡೆದದ್ದು. ಸುತ್ತ ಒಂದೇ ಸಮ ಪೌಡರ್ ಹಾಗೆ ಹಿಡಿದಿದ್ರೆ ಅದು ಫಿಲ್ಟರಿನ ಬಟ್ಟೆಯನ್ನೇ ದಾಟಿ ಬಂದದ್ದು. ಸಂಶಯ ಬೇಡ ಅಂತ ಅಂಚಿಗೆ ಗ್ರೀಸ್ ಹಚ್ಚಿ ಕೂರಿಸಿ, ಹೋಸ್ ಹೊಸತು ಹಾಕಿ, ಇನ್ನೊಮ್ಮೆ ಓಡಿಸಿ ನೋಡಿದೆವು. ಅದೇ ಇಟ್ಟಿಗೆ ಬಣ್ಣ.

ಈಗ ಲೆಕ್ಕಕ್ಕೆ ಬರುವ. ಏರ್ ಫಿಲ್ಟರ್ ಪರೀಕ್ಷೆಗೆ ಐಎಸ್‌ಒ 5011 ಅಂತ ಒಂದು ಸ್ಟ್ಯಾಂಡರ್ಡ್ ಉಂಟು. ಅಳತೆ ಮಾಡಿದ ಹುಡಿಯನ್ನು ಗಾಳಿಯ ಜೊತೆ ಫಿಲ್ಟರಿಗೆ ಬಿಟ್ಟು, ಎಷ್ಟು ಹಿಡಿಯಿತು ಎಷ್ಟು ದಾಟಿತು ಅಂತ ತೂಕ ಮಾಡ್ತಾರೆ. ಲಾರಿಯ ಒಳ್ಳೆ ಪೇಪರ್ ಎಲಿಮೆಂಟ್ 99.9 ಪರ್ಸೆಂಟ್ ಹತ್ತಿರ ಹಿಡೀತದೆ. ಎಣ್ಣೆ ಹಾಕಿದ ಹತ್ತಿಯದ್ದು ಸಾಮಾನ್ಯವಾಗಿ 96ರಿಂದ 99ರ ಒಳಗೆ. ಇಲ್ಲೇ ಜನ ಮೋಸ ಹೋಗುವುದು. ಪರೀಕ್ಷೆಯಲ್ಲಿ 97 ಮಾರ್ಕ್ ಬಂದವನಿಗೂ 99.9 ಬಂದವನಿಗೂ ಎಂತ ವ್ಯತ್ಯಾಸ ಅಂತ ಅನ್ನಿಸ್ತದೆ. ಆದ್ರೆ ಇಂಜಿನಿಗೆ ಲೆಕ್ಕ ಹಿಡಿದದ್ದರದ್ದಲ್ಲ, ದಾಟಿದ್ದರದ್ದು. ಒಂದು ಕಿಲೋ ಹುಡಿ ಫಿಲ್ಟರಿಗೆ ಬಂತು ಅಂತ ಇಟ್ಟುಕೊಳ್ಳಿ, 99.9ರ ಪೇಪರಲ್ಲಿ ಒಳಗೆ ಹೋಗುವುದು 1 ಗ್ರಾಂ, 97ರ ಹತ್ತಿಯಲ್ಲಿ 30 ಗ್ರಾಂ. ಮೂವತ್ತು ಪಟ್ಟು! ಅಮೆರಿಕದಲ್ಲಿ ಡ್ಯೂರಾಮ್ಯಾಕ್ಸ್ ಡೀಸೆಲ್ ಪಿಕಪ್‌ಗೆ ಬರುವ ಬೇರೆ ಬೇರೆ ಫಿಲ್ಟರ್‌ಗಳನ್ನು ಇದೇ ಸ್ಟ್ಯಾಂಡರ್ಡಲ್ಲಿ ಟೆಸ್ಟ್ ಮಾಡಿದ್ದರಲ್ಲಿ ಕಂಪೆನಿ ಪೇಪರ್ 99.93, ಎಣ್ಣೆ ಹತ್ತಿ 96.80 ಬಂದಿತ್ತು. ದಾಟಿದ ಹುಡಿ ಲೆಕ್ಕ ಹಾಕಿದ್ರೆ 45 ಪಟ್ಟು ಜಾಸ್ತಿ.

ಡಾಮರು ರೋಡಲ್ಲಿ ಗಾಳಿಯಲ್ಲಿ ಹುಡಿಯೇ ಕಡಿಮೆ, ಹಾಗಾಗಿ ಮೂವತ್ತು ಪಟ್ಟು ಅಂದ್ರೂ ಮೊತ್ತ ಸಣ್ಣದು, ಇಂಜಿನ್ ತಡ್ಕೊಳ್ತದೆ. ಕೋರೆಯಲ್ಲಿ ಹಾಗಲ್ಲ. ಟರ್ಬೋ (ಇಂಜಿನಿಗೆ ಗಾಳಿ ಒತ್ತಿ ತುಂಬಿಸುವ ಚಕ್ರ) ಇಲ್ಲದ 3 ಲೀಟರ್ ಇಂಜಿನ್ ಕೂಡ 2000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹತ್ತಿರ ಹತ್ತಿರ 3000 ಲೀಟರ್ ಗಾಳಿ ಎಳೀತದೆ, ಗಂಟೆಗೆ 180 ಘನ ಮೀಟರ್. ಟರ್ಬೋ ಇದ್ರೆ ಇನ್ನೂ ಜಾಸ್ತಿ. ಅಷ್ಟು ಗಾಳಿ ಹುಡಿಯ ಮಧ್ಯದಿಂದ ಎಳೆಯುವಾಗ ಪರ್ಸೆಂಟ್‌ನ ಒಂದೊಂದು ಪುಡಿಯೂ ಲೆಕ್ಕಕ್ಕೆ ಬರ್ತದೆ.

ಹೆಚ್ಚು ಹಾಳು ಮಾಡುವುದು ಕಣ್ಣಿಗೆ ಕಾಣುವ ಮರಳಲ್ಲ. ಅದನ್ನು ಯಾವ ಫಿಲ್ಟರ್ ಆದ್ರೂ ಹಿಡೀತದೆ. ಹಾಳು ಮಾಡುವುದು ಐದರಿಂದ ಇಪ್ಪತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ಅಳತೆಯ ಹುಡಿ, ನಮ್ಮ ತಲೆಕೂದಲೇ ಎಪ್ಪತ್ತು ಮೈಕ್ರಾನ್ ಹತ್ತಿರ ಇರ್ತದೆ, ಅದಕ್ಕಿಂತ ಎಷ್ಟೋ ಸಣ್ಣದು. ರಿಂಗಿಗೂ ಲೈನರ್‌ಗೂ ಮಧ್ಯೆ ಇರುವ ಆಯಿಲ್ ಪದರಕ್ಕೆ ಸರಿಯಾಗಿ ಹೊಂದುವ ಸೈಜ್, ಹಾಗಾಗಿ ಅಲ್ಲೇ ಸಿಕ್ಕಿ ಎರಡೂ ಕಡೆ ತೇಯ್ತದೆ. ಮೊದಲು ಟಾಪ್ ರಿಂಗ್, ಆಮೇಲೆ ಲೈನರ್ ಮೇಲ್ಭಾಗ, ಆಮೇಲೆ ಬ್ಯಾಕ್ ಕಂಪ್ರೆಶನ್ (ಒತ್ತಡದ ಗಾಳಿ ರಿಂಗ್ ದಾಟಿ ಆಯಿಲ್ ಕಡೆಗೆ ಬರುವುದು) ಶುರು, ಆಯಿಲ್ ಕ್ಯಾಪ್ ತೆಗೆದ್ರೆ ಹೊಗೆ, ಡಿಪ್‌ಸ್ಟಿಕ್ ನೋಡಿದ್ರೆ ಆಯಿಲ್ ಕಡಿಮೆ. ಟರ್ಬೋ ಇರುವ ಗಾಡಿಯಲ್ಲಿ ಇದಕ್ಕೂ ಮೊದಲು ಕಂಪ್ರೆಸರ್ ಚಕ್ರದ ಅಂಚು ಸವೆದು ಹೋಗ್ತದೆ. ಎಲ್ಲಾ ನಿಧಾನಕ್ಕೆ ಆಗುವ ಕೆಲಸ. ಹತ್ತಿ ಹಾಕಿದ ಮರುದಿನ ಎಂತದೂ ಆಗುವುದಿಲ್ಲ, ಆರು ತಿಂಗಳಲ್ಲೂ ಆಗದೆ ಇರ್ಬಹುದು, ಅದಕ್ಕೇ "ನಾನು ಹಾಕಿದ್ದೇನೆ, ಎಂತ ಪ್ರಾಬ್ಲಮ್ ಇಲ್ಲ" ಅಂತ ಹೇಳುವವರು ಸಿಗ್ತಾರೆ. ಅವರು ಸುಳ್ಳು ಹೇಳುವುದಲ್ಲ, ಇಂಜಿನ್ ಬಿಚ್ಚಿ ನೋಡಿಲ್ಲ ಅಷ್ಟೆ.

ನಮ್ಮ ಕೆಂಪುಕಲ್ಲಿನ ಹುಡಿಯ ಬಗ್ಗೆ ಒಂದು ಮಾತು. ಇದಕ್ಕೆ ಲ್ಯಾಟರೈಟ್ ಅಂತ ಹೆಸರು ಕೊಟ್ಟದ್ದೇ ನಮ್ಮ ಕೇರಳದಲ್ಲಿ, ಮಲಪ್ಪುರಂ ಜಿಲ್ಲೆಯ ಅಂಗಾಡಿಪ್ಪುರಂನಲ್ಲಿ ನೋಡಿ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಬರೆದದ್ದು. ಮಳೆ ನೀರು ಲಕ್ಷಾಂತರ ವರ್ಷ ತೊಳೆದು ತೊಳೆದು ಸಿಲಿಕಾದ ಹೆಚ್ಚಿನ ಭಾಗ ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂನ ಆಕ್ಸೈಡ್ ಉಳಿದ ಕಲ್ಲು ಇದು. ಸಿಲಿಕಾ ಕಡಿಮೆ ಅಂದ ಕೂಡ್ಲೆ ಇಂಜಿನಿಗೆ ಮೆತ್ತಗೆ ಅಂತ ತಿಳ್ಕೊಳ್ಳುವುದು ಬೇಡ, ಕ್ವಾರ್ಟ್ಜ್ ಕಾಳು ಅದರಲ್ಲಿ ಉಳಿದೇ ಇರ್ತದೆ, ಕಬ್ಬಿಣದ ಆಕ್ಸೈಡಿಗೂ ಗಟ್ಟಿತನ ಕಡಿಮೆ ಏನಿಲ್ಲ. ದೊಡ್ಡ ಫ್ಲೀಟಿನವರು ಇಂಜಿನ್ ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳಿಸಿ ಸಿಲಿಕಾನ್ ಎಷ್ಟು ಉಂಟು ಅಂತ ನೋಡ್ತಾರೆ, ಸಿಲಿಕಾನ್ ಏರಿದ್ರೆ ಹುಡಿ ಒಳಗೆ ಹೋಗ್ತಾ ಉಂಟು ಅಂತ ಅರ್ಥ. ನಮ್ಮ ಕಡೆಯ ಗಾಡಿಗೆ ಹಾಗೆ ಮಾಡಿಸುವವರು ಸಿಲಿಕಾನ್ ಒಂದನ್ನೇ ನೋಡಿದ್ರೆ ಸಾಕಾಗುವುದಿಲ್ಲ, ಅಲ್ಯುಮಿನಿಯಂ ಮತ್ತು ಕಬ್ಬಿಣವೂ ಜೊತೆಗೆ ಏರಿದೆಯಾ ನೋಡ್ಬೇಕು, ಯಾಕಂದ್ರೆ ಈ ಹುಡಿಯಲ್ಲೇ ಅವೆರಡೂ ತುಂಬಾ ಉಂಟು.

ಇನ್ನು ತೊಳೆಯುವ ವಿಷಯ. ಹತ್ತಿ ಫಿಲ್ಟರಿನ ಮುಖ್ಯ ಲಾಭ ಅಂತ ಹೇಳುವುದೇ ಇದನ್ನು, ತೊಳೆದು ವಾಪಸ್ ಹಾಕ್ಬಹುದು ಅಂತ. ಕೆಲಸ ಎಷ್ಟು ಅಂತ ಕೇಳಿ. ಕ್ಲೀನರ್ ಸಿಂಪಡಿಸಿ ಹತ್ತು ನಿಮಿಷ ಬಿಡ್ಬೇಕು, ಒಳಗಿನಿಂದ ಹೊರಗೆ ಹೋಗುವ ಹಾಗೆ ಮೆಲ್ಲ ನೀರು ಬಿಡ್ಬೇಕು, ಪ್ರೆಷರ್ ವಾಷರ್ ಹಿಡಿಯುವ ಹಾಗಿಲ್ಲ, ಒಣಗಿಸ್ಲಿಕ್ಕೆ ಕಂಪ್ರೆಸರ್ ಗಾಳಿಯೂ ಹೊಡೆಯುವ ಹಾಗಿಲ್ಲ ಬಟ್ಟೆಯ ಎಳೆ ಸರೀತದೆ, ತನ್ನಷ್ಟಕ್ಕೆ ಒಣಗ್ಬೇಕು, ಆಮೇಲೆ ಒಂದೊಂದು ನೆರಿಗೆಗೂ ಎಣ್ಣೆ ಬಿಟ್ಟು ಅದು ಹರಡುವವರೆಗೆ ಕಾಯ್ಬೇಕು, ಬಿಳಿ ಕಂಡಲ್ಲಿ ಪುನಃ ಬಿಡ್ಬೇಕು. ಬೇಸಿಗೆಯಲ್ಲಿ ಇದೆಲ್ಲಾ ಒಂದು ದಿನದಲ್ಲಿ ಆಗ್ತದೆ, ಆ ದಿನ ಗಾಡಿ ನಿಲ್ಬೇಕು ಇಲ್ಲಾಂದ್ರೆ ಎರಡು ಫಿಲ್ಟರ್ ಇಟ್ಟುಕೊಳ್ಬೇಕು. ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬರುವ ಊರಲ್ಲಿ ಜೂನ್ ಜುಲೈಯಲ್ಲಿ ಹತ್ತಿ ಒಣಗುವುದು ಹೇಗೆ ಮಾರಾಯ್ರೆ, ಮನೆಯೊಳಗೆ ಹಾಕಿದ ಅಂಗಿಯೇ ಎರಡು ದಿನ ಒದ್ದೆ ವಾಸನೆ ಹೊಡೀತದೆ. ಪದರದ ಒಳಗೆ ನೀರು ಉಳಿದಿದ್ರೆ ಎಣ್ಣೆ ಹಿಡಿಯುವುದಿಲ್ಲ, ಎಣ್ಣೆ ಹಿಡಿಯದ ಜಾಗ ಅಂದ್ರೆ ಹುಡಿಗೆ ಬಾಗಿಲು ತೆಗೆದಿಟ್ಟ ಹಾಗೆಯೇ, ಯಾಕಂದ್ರೆ ಆ ಬಟ್ಟೆಯ ಕಣ್ಣು ಪೇಪರಿಗಿಂತ ಎಷ್ಟೋ ದೊಡ್ಡದು, ಹುಡಿ ಹಿಡಿಯುವ ಕೆಲಸ ಹೆಚ್ಚಿನಂಶ ಎಣ್ಣೆಯ ಅಂಟಿನದ್ದು.

ಇದಕ್ಕೂ ದೊಡ್ಡ ಅಪಾಯ ಬಾಟಲಿ ಖಾಲಿ ಆದ ಮೇಲೆ. ಆ ಕ್ಲೀನರ್, ಆ ಎಣ್ಣೆ ಇಲ್ಲಿ ಅಂಗಡಿಯಲ್ಲಿ ಸಿಗುವುದಿಲ್ಲ, ಪುನಃ ತರಿಸ್ಬೇಕು. ಅಷ್ಟರಲ್ಲಿ ಯಾರಾದ್ರೂ ಪೆಟ್ರೋಲಲ್ಲಿ ತೊಳೆದು ಇಂಜಿನ್ ಆಯಿಲ್ ಹಚ್ಚಿ ಹಾಕ್ತಾರೆ, ಗ್ಯಾರೇಜಲ್ಲಿ ಇದ್ದದ್ದು ಅದೇ ಅಲ್ವಾ. ಪೆಟ್ರೋಲ್ ತಾಗಿ ಅಂಚಿನ ರಬ್ಬರ್ ಉಬ್ತದೆ, ಸೀಲ್ ಹೋಗ್ತದೆ. ಇಂಜಿನ್ ಆಯಿಲಿಗೆ ಆ ಅಂಟು ಇಲ್ಲ, ಇಳಿದು ಕೆಳಗೆ ಬಂದು ನಿಲ್ತದೆ, ಮೇಲಿನ ಭಾಗ ಒಣ ಬಟ್ಟೆ. ಹಾಗೆ ಹಾಕುವುದಕ್ಕಿಂತ ಹಳೇ ಪೇಪರ್ ಎಷ್ಟೋ ಒಳ್ಳೇದು.

ಎಣ್ಣೆ ಜಾಸ್ತಿ ಆದ್ರೂ ತೊಂದರೆಯೇ. ಹಳೇ 407ಕ್ಕೆ ಅದರ ಹೆದರಿಕೆ ಇಲ್ಲ, ಡೀಸೆಲ್ ಬಿಡುವುದು ಮೆಕ್ಯಾನಿಕಲ್ ಪಂಪ್, ಗಾಳಿ ಸೆನ್ಸರ್ ಇಲ್ಲ. ಹೊಸ ಗಾಡಿಗಳಲ್ಲಿ, ಅದರಲ್ಲೂ 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 (ಹೊಸ ಹೊಗೆ ನಿಯಮದ) ಗಾಡಿಗಳಲ್ಲಿ, ಗಾಳಿ ಎಷ್ಟು ಹೋಯಿತು ಅಂತ ಅಳೆಯುವ ಸೆನ್ಸರ್ ಎಷ್ಟೋ ಮಾಡೆಲ್‌ಗಳಲ್ಲಿ ಫಿಲ್ಟರ್ ಕಳೆದ ಕೂಡ್ಲೆ ಪೈಪಲ್ಲೇ ಇರ್ತದೆ. ಬಿಸಿಯಾಗುವ ತೆಳ್ಳನೆ ಪದರದ ಸೆನ್ಸರ್ ಅದು. ಜಾಸ್ತಿ ಎಣ್ಣೆ ಹಚ್ಚಿದ ಫಿಲ್ಟರಿನಿಂದ ಹನಿ ಹಾರಿ ಅದಕ್ಕೆ ಕೂತು, ಅದರ ಮೇಲೆ ಹುಡಿ ಕೂತು, ರೀಡಿಂಗ್ ತಪ್ತದೆ. ಫಿಲ್ಟರ್ ಮಾಡುವವರು ಸರಿಯಾಗಿ ಎಣ್ಣೆ ಹಚ್ಚಿದ್ರೆ ಹಾಗೆ ಆಗುವುದಿಲ್ಲ ಅಂತ ಹೇಳ್ತಾರೆ, ಇರ್ಬಹುದು, ಆದ್ರೆ ರೋಡ್ ಸೈಡಲ್ಲಿ ಕತ್ತಲಲ್ಲಿ ಎಣ್ಣೆ ಹಚ್ಚುವ ಡ್ರೈವರಿಗೆ ಸರಿಯಾಗಿ ಅಂದ್ರೆ ಎಷ್ಟು ಅಂತ ಹೇಗೆ ಗೊತ್ತಾಗ್ಬೇಕು? ಬಿಎಸ್ 6ರಲ್ಲಿ ವಾರ್ನಿಂಗ್ ಲೈಟ್ ಬಂದು ಪವರ್ ಕಟ್ ಆದ್ರೆ ಲೋಡ್ ಸಮೇತ ಘಾಟಿಯಲ್ಲಿ ನಿಲ್ಲುವುದು ಯಾರಿಗೂ ಬೇಡ. ವಾರಂಟಿ ಇರುವಾಗ ಕಂಪೆನಿ ಹೇಳಿದ ಎಲಿಮೆಂಟ್ ಬಿಟ್ಟು ಬೇರೆ ಹಾಕಿದ್ರೆ ಕ್ಲೇಮ್ ಮಾಡುವಾಗ ಅದನ್ನೇ ತೋರಿಸ್ತಾರೆ, ಇದನ್ನೂ ತಲೆಯಲ್ಲಿ ಇಟ್ಟುಕೊಳ್ಳಿ.

ಮೈಲೇಜ್ ಜಾಸ್ತಿ ಬರ್ತದೆ, ಪಿಕಪ್ ಜಾಸ್ತಿ ಬರ್ತದೆ ಅಂತ ಬಾಕ್ಸಿನ ಮೇಲೆ ಬರೆದಿತ್ತು. ನನ್ನ ಡೀಸೆಲ್ ಪುಸ್ತಕದಲ್ಲಿ ಹಾಗೆ ಎಂತದೂ ಕಾಣಲಿಲ್ಲ. ಡೀಸೆಲ್ ಇಂಜಿನಲ್ಲಿ ಪವರ್ ಬರುವುದು ಎಷ್ಟು ಡೀಸೆಲ್ ಬಿಟ್ಟಿದ್ದೀರಿ ಅನ್ನುವುದರ ಮೇಲೆ, ಗಾಳಿ ಮೊದಲೇ ಬೇಕಾದ್ದಕ್ಕಿಂತ ಜಾಸ್ತಿ ಹೋಗ್ತಾ ಇರ್ತದೆ. ಪೇಪರ್ ಪೂರ್ತಿ ಕಟ್ಟಿ ಹೋಗಿ ಕಪ್ಪು ಹೊಗೆ ಬರುವ ಸ್ಥಿತಿ ಆದ್ರೆ ಬೇರೆ, ಒಳ್ಳೆ ಪೇಪರ್ ತೆಗೆದು ಹತ್ತಿ ಹಾಕಿದ್ರೆ ವ್ಯತ್ಯಾಸ ಕಾಣುವುದಿಲ್ಲ.

ಒಳ್ಳೇದು ಇಲ್ಲವೇ ಇಲ್ಲ ಅಂತಲ್ಲ. ಗಟ್ಟಿ ಉಂಟು. ಡ್ರೈವರ್ ಕೈಯಿಂದ ಬಿದ್ರೂ ನೆರಿಗೆ ಹರಿಯುವುದಿಲ್ಲ. ಮಳೆಗಾಲದಲ್ಲಿ ಏರ್ ಕ್ಲೀನರಿನ ಒಳಗೆ ನೀರು ಹೋದ್ರೆ ಸಾದಾ ಪೇಪರ್ ಉಬ್ಬಿ ಗಾಳಿ ಕಟ್ತದೆ, ಮೆತ್ತಗಾಗಿ ಹರಿಯುವುದೂ ಉಂಟು, ಎಣ್ಣೆ ಹತ್ತಿ ಅಷ್ಟು ಬೇಗ ಹಾಗೆ ಆಗುವುದಿಲ್ಲ. ಕೋರೆಯಲ್ಲಿ ನೀರು ನಿಂತು ಕೆಲಸ ಕಡಿಮೆ ಇರುವ ಆ ತಿಂಗಳುಗಳಲ್ಲಿ ಹುಡಿಯೂ ಇಲ್ಲ, ಆಗ ಅದು ಇದ್ರೂ ನಡೀತದೆ. ಆದ್ರೆ ಇದಕ್ಕೆ ಈಗ ಸಿಂಥೆಟಿಕ್ ಸೇರಿಸಿದ ಪೇಪರ್ ಎಲಿಮೆಂಟ್ ಬರ್ತದೆ, ನೀರಿಗೂ ತಡೀತದೆ ಹುಡಿಯನ್ನೂ ಹಿಡೀತದೆ.

ಹಳೇ ಡ್ರೈವರ್‌ಗಳು ಕೇಳ್ತಾರೆ, ಹಿಂದೆ ಟಾಟಾ, ಲೇಲ್ಯಾಂಡ್ ಲಾರಿಯಲ್ಲಿ ಆಯಿಲ್ ಬಾತ್ ಏರ್ ಕ್ಲೀನರ್ (ಗಾಳಿಯ ಹುಡಿಯನ್ನು ತಳದ ಎಣ್ಣೆಯಲ್ಲಿ ಹಿಡಿಯುವಂಥದ್ದು) ಇತ್ತಲ್ಲ, ಅದನ್ನೂ ತೊಳೆದೇ ಹಾಕ್ತಾ ಇದ್ದದ್ದು, ಇಂಜಿನ್ ಓಡಲಿಲ್ವಾ ಅಂತ. ಓಡಿದೆ ಹೌದು. ಆದ್ರೆ ಆ ಕಾಲದಲ್ಲಿ ಎಷ್ಟು ಕಿಲೋಮೀಟರಿಗೆ ಇಂಜಿನ್ ಬಿಚ್ಚುತ್ತಾ ಇದ್ರು ಅಂತಲೂ ಅವರನ್ನೇ ಕೇಳಿ. ಆಯಿಲ್ ಬಾತಲ್ಲಿ ಇಂಜಿನ್ ಐಡಲಲ್ಲಿ ಇರುವಾಗ ಗಾಳಿಯ ವೇಗ ಸಾಲದೆ ಹುಡಿ ಹಿಡಿಯುವುದು ಇನ್ನೂ ಕಡಿಮೆ ಆಗ್ತದೆ, ಲೋಡಿಂಗಿಗೆ ಕೋರೆಯಲ್ಲಿ ಇಂಜಿನ್ ಆಫ್ ಮಾಡದೆ ನಿಲ್ಲಿಸುವ ಅಭ್ಯಾಸ ಬೇರೆ. ಪೇಪರ್ ಬಂದದ್ದು ಸುಮ್ಮನೆ ಅಲ್ಲ.

ಪೇಪರ್ ಹಾಕಿದ ಕೂಡ್ಲೆ ಎಲ್ಲಾ ಸರಿ ಅಂತ ಹೇಳಿ ಬಿಡ್ಲಿಕ್ಕೂ ಮನಸ್ಸು ಬರುವುದಿಲ್ಲ. ನಮ್ಮ ಕಡೆ ಪೇಪರ್ ಎಲಿಮೆಂಟನ್ನು ಹಾಳು ಮಾಡುವ ರೀತಿ ನೋಡಿದ್ರೆ ಬೇಜಾರಾಗ್ತದೆ. ದಿನಾ ಸಂಜೆ ತೆಗೆದು ಟೈರಿಗೆ ಬಡಿಯುವುದು, ಪಂಕ್ಚರ್ ಅಂಗಡಿಗೆ ಹೋಗಿ ಗಾಳಿ ಹೊಡೆಸುವುದು. ಲಾರಿ ಟೈರಿಗೆ ಹಾಕುವ ಕಂಪ್ರೆಸರ್ ಅದು, 100 ಪಿಎಸ್‌ಐಗಿಂತ ಮೇಲೆ ಇರ್ತದೆ, ಎಲಿಮೆಂಟಿಗೆ ಗಾಳಿ ಹೊಡೆಯಲೇಬೇಕು ಅಂತಿದ್ರೆ 30ರ ಮೇಲೆ ಹೋಗ್ಬಾರದು, ಅದೂ ದೂರದಿಂದ, ಒಳಗಿನಿಂದ ಹೊರಗೆ. ಹತ್ತಿರ ಹಿಡಿದು ಹೊಡೆದ್ರೆ ಪೇಪರಲ್ಲಿ ಕಣ್ಣಿಗೆ ಕಾಣದ ತೂತು ಬೀಳ್ತದೆ, ಆಮೇಲೆ ಅದು ಹತ್ತಿಗಿಂತಲೂ ಕಡೆ. ತೂತು ಬಿದ್ದಿದೆಯಾ ನೋಡ್ಲಿಕ್ಕೆ ಕತ್ತಲೆ ಕೋಣೆಯಲ್ಲಿ ಒಳಗೆ ಬಲ್ಬ್ ಇಟ್ಟು ಸುತ್ತ ತಿರುಗಿಸಿ ನೋಡಿ, ಸೂಜಿ ಮೊನೆಯಷ್ಟು ಬೆಳಕು ಕಂಡ್ರೂ ಬಿಸಾಡಿ. ಇನ್ನೊಂದು ಎಂತ ಅಂದ್ರೆ ಪೇಪರ್ ಹೊಸತಾಗಿ ಇರುವಾಗಲೇ ಅದರ ಹಿಡಿತ ಸ್ವಲ್ಪ ಕಡಿಮೆ ಇರುವುದು, ಮೇಲೆ ಹುಡಿಯ ಒಂದು ಪದರ ಕೂತ ಮೇಲೆ ಆ ಪದರವೇ ಸಣ್ಣ ಹುಡಿಯನ್ನು ತಡೀತದೆ. ದಿನಾ ಸ್ವಚ್ಛ ಮಾಡುವವನು ದಿನಾ ಆ ಪದರವನ್ನು ತೆಗೀತಾನೆ, ದಿನಾ ಹೊಸದಾಗಿ ಹುಡಿ ಒಳಗೆ ಬಿಡ್ತಾನೆ. ತೆಗೆದು ಹಾಕುವಾಗ ಹೌಸಿಂಗಿನ (ಏರ್ ಕ್ಲೀನರ್ ಡ್ರಮ್ಮಿನ) ಒಳಗೆ ಉದುರುವ ಹುಡಿ ಬೇರೆ, ಅದು ನೇರ ಇಂಜಿನಿಗೆ.

ಹಾಗಾದ್ರೆ ಯಾವಾಗ ತೆಗೆಯುವುದು? ಇಂಡಿಕೇಟರ್ ನೋಡಿ ತೆಗೆಯುವುದು. ಏರ್ ಕ್ಲೀನರ್ ಮೇಲೆ ಅಥವಾ ಪೈಪಲ್ಲಿ ಸಣ್ಣ ಗಾಜಿನ ಕಣ್ಣಿನ ಹಾಗಿನದ್ದು ಇರ್ತದೆ, ಗಾಳಿ ಎಳೆಯುವುದು ಕಷ್ಟ ಆದ ಹಾಗೆ ಕೆಂಪು ಮೇಲೆ ಬರ್ತದೆ. ಟರ್ಬೋ ಡೀಸೆಲ್‌ಗೆ ಸಾಮಾನ್ಯವಾಗಿ 25 ಇಂಚು ನೀರಿನ ಎಳೆತಕ್ಕೆ, ಅಂದ್ರೆ ಹತ್ತಿರ 6.2 ಕಿಲೋಪ್ಯಾಸ್ಕಲಿಗೆ ಸೆಟ್ ಮಾಡಿರ್ತಾರೆ. ನಮ್ಮ 407ರಲ್ಲಿ ಇರಲಿಲ್ಲ, ಇಚ್ಚ ಹೊಸತು ಹಾಕಿಸಿದ್ರು, ಹೆಚ್ಚೇನೂ ಖರ್ಚಿಲ್ಲ. ಅದು ಹಾಕಿದ ಮೇಲೆ ಗೊತ್ತಾಯಿತು, ನಾವು ಕೊಳೆ ಆಗಿದೆ ಅಂತ ತಿಳ್ಕೊಂಡ ಎಲಿಮೆಂಟಿಗೆ ಇನ್ನೂ ಅರ್ಧ ಆಯುಷ್ಯ ಇತ್ತು.

ಏರ್ ಕ್ಲೀನರ್ ಡ್ರಮ್ಮಿನ ಕೆಳಗೆ ಒಂದು ರಬ್ಬರ್ ಮೂತಿ ನೇತಾಡ್ತಾ ಇರ್ತದೆ, ಅದನ್ನು ಎಷ್ಟೋ ಜನ ನೋಡುವುದೇ ಇಲ್ಲ. ಗಾಳಿ ಸುತ್ತು ತಿರುಗಿ ಒಳಗೆ ಬರುವಾಗ ತೂಕದ ಹುಡಿ ಗೋಡೆಗೆ ಬಡಿದು ಕೆಳಗೆ ಬಿದ್ದು ಆ ಮೂತಿಯಿಂದ ಹೊರಗೆ ಹೋಗ್ಬೇಕು. ಅದು ಹರಿದು ಹೋಗಿದ್ರೆ ಅಲ್ಲಿಂದಲೇ ಹುಡಿ ಎಳೀತದೆ, ಮಣ್ಣು ಗಟ್ಟಿಯಾಗಿ ಕಟ್ಟಿದ್ರೆ ಹುಡಿ ಇಳಿಯುವುದಿಲ್ಲ, ಎಲ್ಲಾ ಎಲಿಮೆಂಟಿನ ಮೇಲೆಯೇ. ದಿನಾ ಬೆಳಿಗ್ಗೆ ಆಯಿಲ್ ನೋಡುವಾಗ ಎರಡು ಬೆರಳಲ್ಲಿ ಅದನ್ನು ಹಿಂಡಿ ಬಿಟ್ರೆ ಸಾಕು. ಕೋರೆಯಿಂದ ಬಂದ ದಿನ ಹಿಂಡಿದ್ರೆ ಒಂದು ಮುಷ್ಟಿ ಕೆಂಪು ಹುಡಿ ಬೀಳ್ತದೆ, ಅಷ್ಟು ಎಲಿಮೆಂಟಿಗೆ ಹೋಗದೆ ಉಳಿಯಿತು. ಒಳಗೆ ಎರಡನೇ ಸಣ್ಣ ಎಲಿಮೆಂಟ್ ಇರುವ ಗಾಡಿ ಆದ್ರೆ ಅದನ್ನು ಯಾವತ್ತೂ ತೊಳೀಬೇಡಿ, ಗಾಳಿ ಹೊಡೀಬೇಡಿ, ಹೊರಗಿನದ್ದು ಎರಡು ಮೂರು ಬದಲಾಯಿಸಿದಾಗ ಅದನ್ನೂ ಹೊಸತು ಹಾಕಿ. ನಮ್ಮ ಹತ್ತಿ ಫಿಲ್ಟರಿನ ಜೊತೆ ಆ ಒಳಗಿನದ್ದು ಇಡ್ಲಿಕ್ಕೆ ಜಾಗವೇ ಇರಲಿಲ್ಲ, ಇದನ್ನು ಮಾರುವವರು ಎಲ್ಲೂ ಹೇಳಿರಲಿಲ್ಲ. ನನಗೆ ಇದರಲ್ಲಿ ಅತೀ ಸಿಟ್ಟು ಬಂದದ್ದು ಅದಕ್ಕೇ, ಎರಡು ಬಾಗಿಲಿನ ಮನೆಗೆ ಒಂದು ಬಾಗಿಲು ತೆಗೆದು ಹಾಕಿದ ಮೇಲೆ ಕಾವಲು ಗಟ್ಟಿ ಉಂಟು ಅಂತ ಹೇಳುವುದು ಸರಿಯಲ್ಲ.

ದುಡ್ಡಿನ ಲೆಕ್ಕ ಹೇಳ್ತೇನೆ. ನಮ್ಮ 407ಕ್ಕೆ ಪೇಪರ್ ಎಲಿಮೆಂಟ್ ಸಾವಿರದ ಒಳಗೆ ಸಿಗ್ತದೆ. ಲೈನರ್, ಪಿಸ್ಟನ್, ರಿಂಗ್, ಬೇರಿಂಗ್, ಲೇತ್ ಕೆಲಸ, ಲೇಬರ್ ಎಲ್ಲಾ ಸೇರಿ ಇಂಜಿನ್ ಕೆಲಸ ಅಂದ್ರೆ ಲಕ್ಷದ ಹತ್ತಿರ ಹೋಗ್ತದೆ, ಗಾಡಿ ನಿಂತ ದಿನದ ಬಾಡಿಗೆ, ಡ್ರೈವರಿನ ಸಂಬಳ, ತಪ್ಪಿ ಹೋದ ಗಿರಾಕಿ ಬೇರೆ. ಹತ್ತಿ ಫಿಲ್ಟರಿನಿಂದ ವರ್ಷಕ್ಕೆ ಉಳಿಯುವುದು ಎರಡು ಮೂರು ಎಲಿಮೆಂಟಿನ ದುಡ್ಡು. ಇಂಜಿನ್ ಒಂದು ವರ್ಷ ಮೊದಲು ಕೆಲಸಕ್ಕೆ ಬಂದ್ರೆ ಅಷ್ಟೂ ವರ್ಷ ಉಳಿಸಿದ್ದು ಒಂದೇ ಬಿಲ್ಲಲ್ಲಿ ಹೋಯಿತು.

ಈಗ ಎರಡೂ ಗಾಡಿಗೆ ಪೇಪರೇ. ಫ್ಲೀಟ್‌ಗಾರ್ಡ್, ಡೊನಾಲ್ಡ್‌ಸನ್, ಮಾನ್, ಎಲೋಫಿಕ್, ಇಲ್ಲಾಂದ್ರೆ ಗಾಡಿ ಕಂಪೆನಿಯ ಒರಿಜಿನಲ್, ಇದರಲ್ಲಿ ಸಿಕ್ಕಿದ್ದನ್ನು ಬಿಲ್ಲು ಕೇಳಿ ತಗೊಳ್ತೇನೆ, ಬಾಕ್ಸ್ ಮಾತ್ರ ಒರಿಜಿನಲ್ ಒಳಗಿನದ್ದು ಡೂಪ್ಲಿಕೇಟ್ ಬರುವುದೂ ಉಂಟು. ಹೊಸತು ತಂದಾಗ ನೆರಿಗೆಗಳು ಸಮ ಅಂತರದಲ್ಲಿ ಉಂಟಾ, ಅಂಚಿನ ರಬ್ಬರ್ ಒತ್ತಿದ್ರೆ ವಾಪಸ್ ಬರ್ತದಾ, ಪೇಪರ್ ಅಂಟಿಸಿದಲ್ಲಿ ಗಮ್ ಪೂರ್ತಿ ಹಿಡಿದಿದೆಯಾ, ಇಷ್ಟು ಅಂಗಡಿಯಲ್ಲೇ ನೋಡಿ. ಹಳೇದನ್ನು ಜೊತೆಗೆ ತಗೊಂಡು ಹೋಗಿ ಉದ್ದ ಮತ್ತು ಬಾಯಿ ಅಳತೆ ಹೊಂದಿಸಿ ನೋಡುವುದು ಇನ್ನೂ ಒಳ್ಳೇದು.

ಹತ್ತಿ ಫಿಲ್ಟರ್ ಯಾರಿಗೆ ಆಗ್ಬಹುದು ಅಂತ ಕೇಳಿದ್ರೆ, ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಡಾಮರಲ್ಲೇ ಹೋಗಿ ಬರುವ ಗಾಡಿ, ಸ್ವತಃ ತಾನೇ ಕೂತು ತೊಳೆದು ಎಣ್ಣೆ ಹಚ್ಚುವ ತಾಳ್ಮೆ ಇರುವ ಓನರ್, ಒಳಗಿನ ಎಲಿಮೆಂಟ್ ಬೇಡದ ಮಾಡೆಲ್, ಗಾಳಿ ಸೆನ್ಸರ್ ಇಲ್ಲದ ಹಳೇ ಇಂಜಿನ್. ಈ ನಾಲ್ಕೂ ಕೂಡಿ ಬಂದ್ರೆ ಹಾಕಿಕೊಳ್ಳಿ, ಜೊತೆಗೆ ಎಣ್ಣೆ ಬಾಟಲಿ ಒಂದು ಜಾಸ್ತಿ ತರಿಸಿ ಇಟ್ಟುಕೊಳ್ಳಿ. ಕೋರೆಗೆ ಹೋಗುವವರು ಈಗಾಗ್ಲೇ ಹಾಕಿದ್ದರೆ ಹೋಸ್ ಬಿಚ್ಚಿ ಒಳಗೆ ಬಿಳಿ ಬಟ್ಟೆಯಲ್ಲಿ ಒಮ್ಮೆ ಒರೆಸಿ ನೋಡಿ, ಬಟ್ಟೆ ಕೆಂಪಾದ್ರೆ ಅವತ್ತೇ ಪೇಪರ್ ಹಾಕಿಸಿ, ಹೌಸಿಂಗ್ ಮತ್ತು ಹೋಸ್ ಒಳಗೆ ಒದ್ದೆ ಬಟ್ಟೆಯಲ್ಲಿ ಪೂರ್ತಿ ಒರೆಸದೆ ಹೊಸ ಎಲಿಮೆಂಟ್ ಹಾಕ್ಬೇಡಿ, ಇಂಜಿನ್ ಆಯಿಲೂ ಆಯಿಲ್ ಫಿಲ್ಟರೂ ಜೊತೆಗೇ ಬದಲಾಯಿಸಿ, ಯಾಕಂದ್ರೆ ಅಷ್ಟು ದಿನ ಒಳಗೆ ಹೋದ ಹುಡಿಯಲ್ಲಿ ಒಂದು ಪಾಲು ಈಗ ಆಯಿಲಲ್ಲಿ ತಿರುಗ್ತಾ ಉಂಟು.